ಗುಡ್ಡ ಇಳಿಯುವ ಸೈಕಲ್ಲಿಗೆ ಪ್ರತ್ಯೇಕ ಹಾದಿ: ವೇಗದ ಲೆಕ್ಕ ಮೊದಲು, ಜಂಪ್ ಆಮೇಲೆ

ಸಮುದಾಯ ಉದ್ಯಾನದ ಗುಡ್ಡದಲ್ಲಿ ಮೌಂಟನ್ ಬೈಕ್ ಸವಾರರಿಗೆಂದೇ ಇಳಿಯುವ ಹಾದಿಯೊಂದನ್ನು ಮಾಡಬೇಕೆಂಬ ಪ್ರಸ್ತಾಪ ಬಂದ ಕೂಡಲೇ ಮಾತು ಜಿಗಿತಗಳ ಕಡೆಗೆ ಹೊರಳುತ್ತದೆ. ಎಷ್ಟು ಜಂಪ್‌ಗಳಿರಬೇಕು, ಯಾವುದು ಎಷ್ಟು ಎತ್ತರವಿರಬೇಕು, ಮರದ ಹಲಗೆಯ ಸೇತುವೆ ಬೇಕೇ ಬೇಡವೇ ಎಂಬ ಪ್ರಶ್ನೆಗಳೇ ಸಭೆಯ ಅರ್ಧ ಹೊತ್ತನ್ನು ನುಂಗಿಬಿಡುತ್ತವೆ. ಇಂಥದೊಂದು ಯೋಜನೆಯಲ್ಲಿ ಕೈಜೋಡಿಸಿರುವ ನನಗೆ ಅವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಎಂಬುದು ದಿನೇ ದಿನೇ ಖಚಿತವಾಗುತ್ತಿದೆ: ಗುಡ್ಡವು ಸವಾರರಿಗೆ ಕೊಡುವ ವೇಗ ಎಲ್ಲಿ ಹುಟ್ಟುತ್ತದೆ, ಎಲ್ಲಿಯವರೆಗೆ ಬೆಳೆಯುತ್ತದೆ, ಇನ್ನೊಬ್ಬ ಮನುಷ್ಯ ಎದುರಾಗುವ ಮೊದಲು ಎಲ್ಲಿ ಕರಗುತ್ತದೆ? ಇದಕ್ಕೆ ನಕ್ಷೆಯ ಮೇಲೆ ಬೆರಳಿಟ್ಟು ಉತ್ತರ ಹೇಳಲು ಬಂದರೆ ಉಳಿದದ್ದನ್ನು ಒಂದೊಂದಾಗಿ ಕೂಡಿಸಿಕೊಳ್ಳಬಹುದು. ಬಾರದಿದ್ದರೆ ಎಷ್ಟು ಸೊಗಸಾದ ಜಂಪ್ ಕಟ್ಟಿದರೂ ಆ ಹಾದಿ ಹೆಚ್ಚು ಕಾಲ ಬಾಳುವುದಿಲ್ಲ.

ಪ್ರತ್ಯೇಕ ಹಾದಿಯೇ ಏಕೆ, ಇರುವ ಕಾಲುದಾರಿಯನ್ನೇ ಎಲ್ಲರೂ ಹೊಂದಿಕೊಂಡು ಬಳಸಬಾರದೇ ಎಂದು ಕೇಳುವವರಿದ್ದಾರೆ. ಸಮತಟ್ಟಾದ ಹಾಗೂ ಏರುವ ಹಾದಿಗಳಲ್ಲಿ ಅದು ಸಾಧ್ಯ. ಎಷ್ಟೋ ಕಡೆ ನಡೆಯುವವರೂ ಸೈಕಲ್ ಸವಾರರೂ ತಂಟೆ ತಕರಾರಿಲ್ಲದೆ ಒಂದೇ ದಾರಿಯಲ್ಲಿ ಓಡಾಡುತ್ತಾರೆ. ಇಳಿಯುವ ಹಾದಿಯಲ್ಲಿ ಲೆಕ್ಕ ಬದಲಾಗುತ್ತದೆ. ನಡೆಯುವವರ ವೇಗ ಗಂಟೆಗೆ ಸುಮಾರು 5 ಕಿ.ಮೀ. ಇಳಿಯುತ್ತಿರುವ ಸವಾರರು ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದರೆ ಒಂದೇ ಸೆಕೆಂಡಿನಲ್ಲಿ 8 ಮೀಟರಿಗಿಂತ ಹೆಚ್ಚು ದೂರ ಸಾಗಿರುತ್ತಾರೆ. ಎದುರಿಗೆ ಯಾರೋ ಇದ್ದಾರೆಂದು ಕಂಡು, ಬೆರಳು ಬ್ರೇಕ್ ಹಿಡಿಯುವಷ್ಟರಲ್ಲಿ ಆ 8 ಮೀಟರ್ ಮುಗಿದುಹೋಗಿರುತ್ತದೆ. ಸಡಿಲ ಮಣ್ಣಿನ ಮೇಲೆ ಚಕ್ರ ಜಾರದಂತೆ ಸೈಕಲ್ ನಿಲ್ಲಿಸಲು ಕಡಿಮೆಯೆಂದರೂ ಇನ್ನೂ ಅಷ್ಟು ದೂರ ಬೇಕು, ನೆಲ ಕಡಿದಾಗಿದ್ದರೆ ಅದಕ್ಕಿಂತಲೂ ಹೆಚ್ಚು. ಪೊದೆ ಬೆಳೆದ ಕಾಲುದಾರಿಯ ತಿರುವಿನಲ್ಲಿ 17 ಮೀಟರ್ ಮುಂದಿನದು ಕಾಣುವುದೇ ಅಪರೂಪ. ಆದ್ದರಿಂದ ಇದನ್ನು ಸವಾರರ ಸೌಜನ್ಯದ ಪ್ರಶ್ನೆಯೆಂದು ನೋಡುವುದು ಸರಿಯಲ್ಲ. ಎಷ್ಟೇ ಸಜ್ಜನರಾದ ಸವಾರರಿಗೂ ಆ ತಿರುವಿನಲ್ಲಿ ನಿಲ್ಲಲು ಜಾಗವೇ ಇರುವುದಿಲ್ಲ.

ಇನ್ನೊಂದು ವಾಸ್ತವವನ್ನೂ ಒಪ್ಪಿಕೊಳ್ಳಬೇಕು. ಅಧಿಕೃತ ಹಾದಿಯಿಲ್ಲದ ಗುಡ್ಡದಲ್ಲಿ ಹುಡುಗರು ತಾವೇ ಸಲಿಕೆ ಹಿಡಿದು ಹಾದಿ ಮಾಡಿಕೊಳ್ಳುತ್ತಾರೆ. ಸಾಮಾನ್ಯವಾಗಿ ಅದು ಗುಡ್ಡದ ಅತಿ ಕಡಿದಾದ ರೇಖೆಯಲ್ಲೇ ನೆಟ್ಟಗೆ ಕೆಳಗಿಳಿಯುತ್ತದೆ, ಬಿದ್ದ ಮರದ ಕಾಂಡವೇ ಅಲ್ಲಿ ಜಂಪ್ ಆಗುತ್ತದೆ, ಕೊನೆಯಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ನಡಿಗೆಯ ದಾರಿಗೆ ಬಂದು ಸೇರುತ್ತದೆ. ಅಂಥವನ್ನು ಮುಳ್ಳು ಹಾಕಿ ಮುಚ್ಚಿಸುವ ಮೊದಲು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನಡೆದು ನೋಡಬೇಕೆಂದು ನಾನು ಒತ್ತಾಯಿಸುತ್ತೇನೆ. ಎಲ್ಲಿ ಚಕ್ರದ ಗುರುತು ಆಳವಾಗಿದೆ, ಯಾವ ಜಂಪನ್ನು ಬಳಸಿ ಸವೆಸಿದ್ದಾರೆ, ಯಾವುದನ್ನು ಬಿಟ್ಟು ಪಕ್ಕದಲ್ಲಿ ಸುತ್ತುದಾರಿ ಮಾಡಿಕೊಂಡಿದ್ದಾರೆ ಎಂಬುದರಲ್ಲಿ ಅಲ್ಲಿನ ಸವಾರರ ಕೌಶಲವೂ ಬಯಕೆಯೂ ಬರೆದಿಟ್ಟಂತೆ ಕಾಣುತ್ತವೆ. ಯಾವ ಪ್ರಶ್ನಾವಳಿ ಹಂಚಿದರೂ ಅಷ್ಟು ಪ್ರಾಮಾಣಿಕವಾದ ಉತ್ತರ ಸಿಗುವುದಿಲ್ಲ.

ಈ ಆಟ ಹುಟ್ಟಿದ್ದೇ ವೇಗವನ್ನು ಎಲ್ಲಿ ಕರಗಿಸಬೇಕೆಂಬ ತೊಡಕಿನ ಜೊತೆಗೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ ಕೆಲವು ಗೆಳೆಯರು ದಪ್ಪ ಟೈರಿನ ಹಳೆಯ ಸೈಕಲ್ಲುಗಳಲ್ಲಿ ಗುಡ್ಡದ ಮಣ್ಣುರಸ್ತೆಯೊಂದನ್ನು ಇಳಿಯುವ ಪಂದ್ಯಗಳನ್ನು ಆರಂಭಿಸಿದರು. ಸುಮಾರು ಎರಡು ಮೈಲಿಯಲ್ಲಿ 1,300 ಅಡಿ ಇಳಿಯುವ ಆ ರಸ್ತೆಯ ಕೊನೆ ತಲುಪುವಷ್ಟರಲ್ಲಿ ಹಿಂದಿನ ಚಕ್ರದ ಹಬ್ಬಿನೊಳಗಿನ ಬ್ರೇಕ್ ಕಾದು, ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಹಬ್ ಬಿಚ್ಚಿ ಮತ್ತೆ ಗ್ರೀಸ್ ತುಂಬಿಸದೆ ಇನ್ನೊಂದು ಓಟವಿರಲಿಲ್ಲ. ಇಂದಿನ ಡಿಸ್ಕ್ ಬ್ರೇಕ್‌ಗಳಿಗೆ ಆ ಪಾಡಿಲ್ಲ. ಆದರೆ ಎತ್ತರದಿಂದ ಬಂದ ಶಕ್ತಿ ಎಲ್ಲಿಯಾದರೂ ಖರ್ಚಾಗಲೇಬೇಕೆಂಬ ನಿಯಮ ಬದಲಾಗಿಲ್ಲ. ಸವಾರರು ಜೋರಾಗಿ ಬ್ರೇಕ್ ಹಿಡಿದಾಗ ಅದರ ಪೆಟ್ಟು ಟೈರಿನ ಮೂಲಕ ಹಾದಿಯ ಮಣ್ಣಿಗೆ ಬೀಳುತ್ತದೆ. ಹೀಗೆ ಪೆಟ್ಟು ತಿಂದ ಮಣ್ಣು ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ.

ಯಾರಿಗಾಗಿ ಈ ಹಾದಿ ಎಂಬುದನ್ನು ಇಲ್ಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಡೌನ್‌ಹಿಲ್ ಸ್ಪರ್ಧೆಗೆ 1990ರಲ್ಲಿ ಕೊಲರಾಡೊದ ಡುರಾಂಗೊದಲ್ಲಿ ನಡೆದ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್‌ನಿಂದಲೂ ತನ್ನದೇ ಸ್ಥಾನವಿದೆ. ಆ ಮಟ್ಟದ ಸವಾರರ ಸೈಕಲ್ಲುಗಳಲ್ಲಿ ಸುಮಾರು 200 ಮಿಲಿಮೀಟರ್ ಕುಗ್ಗುವ ಸಸ್ಪೆನ್ಷನ್ ಇರುತ್ತದೆ, ಮುಖವನ್ನೂ ಮುಚ್ಚುವ ಹೆಲ್ಮೆಟ್ ಅವರ ಉಡುಪಿನ ಭಾಗವೇ ಆಗಿರುತ್ತದೆ. ಸಮುದಾಯ ಉದ್ಯಾನಕ್ಕೆ ಬರುವವರಲ್ಲಿ ಬಹುಪಾಲು ಜನರ ಬಳಿ ಅಂಥ ಸೈಕಲ್ ಇರುವುದಿಲ್ಲ. ಮುಂದಿನ ಚಕ್ರಕ್ಕೆ ಮಾತ್ರ ಸಸ್ಪೆನ್ಷನ್ ಇರುವ ಸಾಧಾರಣ ಸೈಕಲ್ಲಿನಲ್ಲಿ ಬರುವ ಹದಿನಾಲ್ಕರ ಹುಡುಗಿಯೂ, ಮಗನ ಹಿಂದೆ ಹೆದರುತ್ತ ಇಳಿಯುವ ತಂದೆಯೂ ಅವರಲ್ಲಿರುತ್ತಾರೆ. ಆದ್ದರಿಂದ ಮುಖ್ಯ ಹಾದಿಯನ್ನು ಇವರಿಗಾಗಿ ರೂಪಿಸಿ, ಪರಿಣತರಿಗೆ ಬೇಕಾದ ಕಠಿಣ ಭಾಗಗಳನ್ನು ಅದರ ಪಕ್ಕದ ಕವಲುಗಳಲ್ಲಿ ಇಡಬೇಕೆಂಬುದು ನನ್ನ ನಿಲುವು. ಮುಖ್ಯ ಹಾದಿಯೇ ಕಠಿಣವಾಗಿ, ಸುಲಭದ್ದು ಸುತ್ತುದಾರಿಯಾದರೆ ಹೊಸಬರು ಹೆಜ್ಜೆಹೆಜ್ಜೆಗೂ ತಾವು ಈ ಜಾಗಕ್ಕೆ ತಕ್ಕವರಲ್ಲ ಎಂದುಕೊಂಡು ದೂರ ಸರಿಯುತ್ತಾರೆ.

ಎತ್ತರ ಮತ್ತು ವೇಗದ ನಂಟನ್ನು ಗಮನಿಸಿದರೆ ಯೋಜನೆಯ ಬೆನ್ನೆಲುಬು ಕಣ್ಣಿಗೆ ಬೀಳುತ್ತದೆ. ಗಾಳಿ ಮತ್ತು ಮಣ್ಣಿನ ತಡೆಯನ್ನು ಬದಿಗಿಟ್ಟು ನೋಡಿದರೆ, ನಿಂತ ಜಾಗದಿಂದ ಹೊರಟು ಕೇವಲ 5 ಮೀಟರ್ ಎತ್ತರ ಇಳಿದ ಸೈಕಲ್ ಗಂಟೆಗೆ ಸುಮಾರು 36 ಕಿ.ಮೀ. ವೇಗ ಪಡೆಯುತ್ತದೆ, 20 ಮೀಟರ್ ಇಳಿದರೆ 70 ಕಿ.ಮೀ. ದಾಟುತ್ತದೆ. ನಿಜವಾದ ಹಾದಿಯಲ್ಲಿ ತಡೆಗಳಿರುವುದರಿಂದ ಅಷ್ಟು ವೇಗ ಬರುವುದಿಲ್ಲವಾದರೂ ಲೆಕ್ಕದ ಎಚ್ಚರಿಕೆ ಸ್ಪಷ್ಟವಾಗಿದೆ: ಗುಡ್ಡದ ಎತ್ತರವನ್ನು ಒಂದೇ ಉಸಿರಿಗೆ ಖರ್ಚು ಮಾಡಬಾರದು. ಎರಡೂವರೆ ಮೀಟರಿನಷ್ಟು ಇಳಿದ ಮೇಲೆ ಒಂದು ಸಣ್ಣ ಏರು ಅಥವಾ ಒಂದು ತಿರುವು ಬಂದರೆ ವೇಗ ಗಂಟೆಗೆ 25 ಕಿ.ಮೀ. ಆಸುಪಾಸಿನಲ್ಲೇ ಉಳಿಯುತ್ತದೆ, ಬ್ರೇಕ್ ಮುಟ್ಟುವ ಅಗತ್ಯವೂ ಕಡಿಮೆಯಾಗುತ್ತದೆ. ದೊಡ್ಡ ಬೆಟ್ಟವೇ ಬೇಕೆಂದೇನೂ ಇಲ್ಲ. 60 ಮೀಟರ್ ಎತ್ತರದ ಗುಡ್ಡದಲ್ಲಿ ಸರಾಸರಿ ಶೇ. 8ರ ಇಳಿತವನ್ನಿಟ್ಟುಕೊಂಡರೆ 750 ಮೀಟರ್ ಉದ್ದದ ಹಾದಿ ದೊರೆಯುತ್ತದೆ; ಗಂಟೆಗೆ 20 ಕಿ.ಮೀ. ಸರಾಸರಿಯಲ್ಲಿ ಇಳಿದರೂ ಎರಡು ನಿಮಿಷಕ್ಕಿಂತ ಹೆಚ್ಚು ಕಾಲದ ಸವಾರಿ ಅದು. ಅದೇ ಗುಡ್ಡವನ್ನು ನೆಟ್ಟಗೆ ಇಳಿದರೆ ಅರ್ಧ ನಿಮಿಷವೂ ಆಗುವುದಿಲ್ಲ, ಅದರ ಬಹುಭಾಗ ಬ್ರೇಕ್ ಹಿಡಿಯುವುದರಲ್ಲೇ ಕಳೆಯುತ್ತದೆ.

ಈ ಲೆಕ್ಕವನ್ನು ನೀರೂ ಬೆಂಬಲಿಸುತ್ತದೆ ಎನ್ನುವುದು ನನಗೆ ಈ ಕೆಲಸದಲ್ಲಿ ಅತ್ಯಂತ ಸಮಾಧಾನ ಕೊಟ್ಟ ಸಂಗತಿ. 1988ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘ ಪ್ರಚಾರಕ್ಕೆ ತಂದ ‘ಅರ್ಧ ನಿಯಮ’ವನ್ನು ಹಾದಿ ಕಟ್ಟುವವರೆಲ್ಲ ಬಲ್ಲರು: ಹಾದಿಯ ಇಳಿತವು ಅದು ಸಾಗುವ ಗುಡ್ಡದ ಓರೆಯ ಅರ್ಧವನ್ನು ಮೀರಬಾರದು. ಗುಡ್ಡದ ಓರೆ ಶೇ. 20 ಇದ್ದರೆ ಹಾದಿಯ ಇಳಿತ ಶೇ. 10ರೊಳಗಿರಬೇಕು. ಕಾರಣ ಸರಳವಾಗಿದೆ. ಹಾದಿ ಗುಡ್ಡದ ಪಕ್ಕೆಯನ್ನು ಅಡ್ಡಹಾಯ್ದು ಸಾಗುತ್ತಿದ್ದರೆ ಮೇಲಿನಿಂದ ಹರಿದುಬಂದ ನೀರು ಅದನ್ನು ದಾಟಿ ಕೆಳಗೆ ಹೋಗುತ್ತದೆ. ಹಾದಿಯೇ ಗುಡ್ಡದಷ್ಟು ಕಡಿದಾಗಿದ್ದರೆ ನೀರಿಗೆ ಅದಕ್ಕಿಂತ ಸುಲಭದ ದಾರಿ ಬೇರೊಂದಿರುವುದಿಲ್ಲ. ನೀರಿನ ವೇಗ ಇಮ್ಮಡಿಯಾದರೆ ಅದರ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಹಾದಿ ಕೊರಕಲಾಗಿರುತ್ತದೆ, ಕೊರಕಲನ್ನು ತಪ್ಪಿಸಲು ಸವಾರರು ಬದಿಯ ಹುಲ್ಲಿಗಿಳಿದು ಅದನ್ನು ಇನ್ನಷ್ಟು ಅಗಲ ಮಾಡಿರುತ್ತಾರೆ.

ಹಾಗಾಗಿ ಗುಡ್ಡವನ್ನು ಮಳೆ ಸುರಿಯುತ್ತಿರುವಾಗಲೇ ನೋಡಬೇಕು. ಒಣಗಿದ ದಿನ ಒಂದೇ ಸಮನಾಗಿ ಕಾಣುವ ಪಕ್ಕೆಯಲ್ಲಿ ಆಗ ಎಲ್ಲವೂ ಬೇರೆಯಾಗುತ್ತದೆ. ತರಗೆಲೆಗಳ ಅಡಿಯಿಂದ ಮೊದಲು ನೊರೆಯ ಸಣ್ಣ ಗೆರೆಯೊಂದು ಹೊರಡುತ್ತದೆ, ಬೇರಿನ ಗಂಟಿಗೆ ತಾಗಿ ಎರಡಾಗುತ್ತದೆ, ಸ್ವಲ್ಪ ಕೆಳಗೆ ಇನ್ನೊಂದು ಗೆರೆಯನ್ನು ಕೂಡಿಕೊಂಡು ಕೆಂಪಗಾಗುತ್ತದೆ. ಕೆಂಪಗಾದ ಜಾಗದಲ್ಲೇ ಮಣ್ಣು ಕೊಚ್ಚಿಹೋಗಲು ಆರಂಭವಾಗಿದೆ ಎಂದರ್ಥ. ಆ ಜಾಗಗಳಲ್ಲಿ ಬಣ್ಣದ ಪಟ್ಟಿ ಕಟ್ಟಿದ ಗೂಟ ನೆಟ್ಟು ಬಂದರೆ, ಹಾದಿಯಲ್ಲಿ ಎಲ್ಲೆಲ್ಲಿ ಇಳಿತವನ್ನು ಮುರಿದು ಸಣ್ಣದೊಂದು ಏರು ಕೊಡಬೇಕು, ಎಲ್ಲಿ ನೀರನ್ನು ಹೊರಗೆ ಬಿಡಬೇಕು ಎಂಬುದು ಹೆಚ್ಚುಕಡಿಮೆ ನಿಶ್ಚಯವಾಗುತ್ತದೆ. ಇಪ್ಪತ್ತರಿಂದ ಐವತ್ತು ಅಡಿಗೊಮ್ಮೆ ಇಂಥ ಏರು ಬಂದರೆ ನೀರು ಹಾದಿಯ ಮೇಲೆ ಹೆಚ್ಚು ದೂರ ಓಡಲಾರದು. ಸವಾರರ ವೇಗವನ್ನು ಹಿಡಿದಿಡುವ ಉಬ್ಬೂ ಇದೇ ಆಗಿರುವುದರಿಂದ ಒಂದೇ ಗುಪ್ಪೆ ಮಣ್ಣು ಎರಡು ಕೆಲಸ ಮಾಡುತ್ತದೆ. ಹಾದಿಯ ಮೈ ಕಣಿವೆಯ ಕಡೆಗೆ ಸುಮಾರು ಶೇ. 5ರಷ್ಟು ವಾಲಿರಬೇಕು. ಅದನ್ನು ಪೂರ್ತಿಯಾಗಿ ಗುಡ್ಡದ ಗಟ್ಟಿ ನೆಲದಲ್ಲೇ ಕಡಿದು ಮಾಡಬೇಕೇ ಹೊರತು, ಕಡಿದ ಮಣ್ಣನ್ನು ಹೊರ ಅಂಚಿಗೆ ಎಳೆದು ಅಗಲ ಹೆಚ್ಚಿಸಬಾರದು. ಹಾಗೆ ಎಳೆದು ಹಾಕಿದ ಸಡಿಲ ಅಂಚು ಸೈಕಲ್ಲಿನ ಭಾರಕ್ಕೆ ಕುಸಿಯುತ್ತದೆ.

ತಿರುವುಗಳ ವಿಷಯ ಬಂದಾಗ ನಾನು ಸ್ವಲ್ಪ ಹಟಮಾರಿಯಾಗುತ್ತೇನೆ. ನೇರವಾದ ಓಟದ ಕೊನೆಯಲ್ಲಿ ಥಟ್ಟನೆ ಬರುವ ಸಪಾಟು ತಿರುವಿನ ಬಳಿ ಕುಕ್ಕರಗಾಲಿನಲ್ಲಿ ಕೂತು ನೆಲ ನೋಡಿದರೆ, ತಿರುವಿಗೆ ಕೆಲವು ಮೀಟರ್ ಮೊದಲೇ ಹಾದಿಗೆ ಅಡ್ಡಲಾಗಿ ಸಾಲುಸಾಲು ದಿಬ್ಬಗಳೆದ್ದಿರುವುದು ಕಾಣುತ್ತದೆ. ಅವುಗಳ ನಡುವಿನ ತಗ್ಗಿನಲ್ಲಿ ಪುಡಿಮಣ್ಣು ತುಂಬಿರುತ್ತದೆ, ಕೈಯಿಂದ ಸರಿಸಿದರೆ ಅಡಿಯಲ್ಲಿ ನುಣುಪಾಗಿ ಉಜ್ಜಿದ ಗಟ್ಟಿ ನೆಲ ಸಿಗುತ್ತದೆ. ಸವಾರರೆಲ್ಲರೂ ಅದೇ ಜಾಗದಲ್ಲಿ ಗಾಬರಿಯಿಂದ ಬ್ರೇಕ್ ಹಿಡಿದ ಗುರುತು ಅದು. ಅಲ್ಲಿ ತಪ್ಪು ಸವಾರರದಲ್ಲ, ರೇಖೆ ಎಳೆದವರದು. ತಿರುವಿಗೆ ಮೊದಲು ಹಾದಿ ಸ್ವಲ್ಪ ಏರಿ, ಆಮೇಲೆ ಬಟ್ಟಲಿನ ಅಂಚಿನಂತೆ ಹೊರಭಾಗ ಎತ್ತಿದ ಬರ್ಮ್ ಸಿಕ್ಕರೆ ಅದೇ ಸವಾರರು ಬ್ರೇಕ್ ಬಿಟ್ಟೇ ತಿರುಗುತ್ತಾರೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ 6 ಮೀಟರ್ ತ್ರಿಜ್ಯದ ತಿರುವನ್ನು ಟೈರಿನ ಹಿಡಿತದ ನೆರವಿಲ್ಲದೆಯೇ ದಾಟಬೇಕಾದರೆ ಸುಮಾರು 40 ಡಿಗ್ರಿಯ ಓರೆ ಬೇಕು. ಟೈರಿಗೂ ಹಿಡಿತವಿರುವುದರಿಂದ ಅದಕ್ಕಿಂತ ಕಡಿಮೆ ಓರೆಯೂ ಸಾಕಾಗುತ್ತದೆ. ಬರ್ಮ್‌ನ ಒಳಮಗ್ಗುಲಿನಲ್ಲಿ ನೀರು ನಿಲ್ಲುತ್ತದೆಂಬುದನ್ನು ಮಾತ್ರ ಮರೆಯಬಾರದು. ಅದಕ್ಕೊಂದು ಹೊರದಾರಿ ನಕ್ಷೆಯಲ್ಲೇ ಇರಬೇಕು.

ಜಂಪ್‌ಗಳನ್ನು ನಾನು ಕಡೆಗಣಿಸುತ್ತಿಲ್ಲ. ನೆಲ ಬಿಟ್ಟು ಒಂದು ಕ್ಷಣ ತೇಲುವ ಸಂತೋಷಕ್ಕಾಗಿಯೇ ಎಷ್ಟೋ ಮಕ್ಕಳು ಈ ಆಟಕ್ಕೆ ಬರುತ್ತಾರೆ, ಅದನ್ನು ಕೊಡದ ಹಾದಿಯನ್ನು ಅವರು ಒಂದೇ ವಾರದಲ್ಲಿ ತೊರೆಯುತ್ತಾರೆ. ಮುಖ್ಯ ಹಾದಿಯಲ್ಲಿ ಟೇಬಲ್‌ಟಾಪ್ ಮಾದರಿಯವೇ ಇರಲಿ ಎನ್ನುತ್ತೇನೆ. ಏರುವ ತುದಿಗೂ ಇಳಿಯುವ ತುದಿಗೂ ನಡುವೆ ಮಣ್ಣು ತುಂಬಿ ಸಪಾಟಾಗಿರುವುದರಿಂದ ಹಾರುವ ಧೈರ್ಯವಿಲ್ಲದವರು ಅದರ ಮೇಲೆ ಸುಮ್ಮನೆ ಉರುಳಿಕೊಂಡು ಹೋಗಬಹುದು. ನಡುವೆ ಖಾಲಿ ಬಿಡುವ ಗ್ಯಾಪ್ ಜಂಪ್‌ಗಳ ಜಾಗ ಪಕ್ಕದ ಕವಲು. ಎತ್ತರಕ್ಕಿಂತ ಇಳಿಯುವ ಕಡೆಯ ಓರೆಗೆ ಹೆಚ್ಚು ಗಮನ ಕೊಡಬೇಕು: ಗಾಳಿಯಲ್ಲಿರುವ ಸೈಕಲ್ ಯಾವ ಕೋನದಲ್ಲಿ ಕೆಳಗೆ ಬರುತ್ತದೆಯೋ ಇಳಿಯುವ ನೆಲವೂ ಹೆಚ್ಚುಕಡಿಮೆ ಅದೇ ಕೋನದಲ್ಲಿದ್ದರೆ ದೇಹಕ್ಕೆ ತಾಗುವ ಪೆಟ್ಟು ಬಹಳ ಕಡಿಮೆ, ಸಪಾಟು ನೆಲಕ್ಕೆ ಬಿದ್ದರೆ ಅಷ್ಟೂ ಎತ್ತರದ ಪೆಟ್ಟು ಮಣಿಕಟ್ಟಿಗೂ ಬೆನ್ನಿಗೂ ಬೀಳುತ್ತದೆ.

ಹಾದಿಯ ಎರಡು ತುದಿಗಳ ಬಗ್ಗೆ ಸಭೆಗಳಲ್ಲಿ ಯಾರೂ ಸಾಕಷ್ಟು ಮಾತಾಡುವುದಿಲ್ಲ, ಅಪಾಯದ ಬಹುಪಾಲು ಇರುವುದು ಅಲ್ಲೇ. ಮೇಲಿನ ತುದಿಯಲ್ಲಿ, ಹಾದಿ ಆರಂಭವಾದ ಕೆಲವೇ ಮೀಟರುಗಳೊಳಗೆ, ಇಡೀ ಹಾದಿಯ ಕಠಿಣತೆಯನ್ನು ಸಾರುವ ಒಂದು ಅಡೆತಡೆ ಇರಬೇಕು. ಅದನ್ನು ದಾಟಲಾಗದವರು ಅಲ್ಲಿಂದಲೇ ಹಿಂದಿರುಗಬಹುದು. ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುವ ಪ್ರಮೇಯ ಬರುವುದಿಲ್ಲ. ಫಲಕದ ಮೇಲೆ ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರದ ಗುರುತು ಹಾಕುವ ಕ್ರಮ ಹಿಮದ ಸ್ಕೀ ಇಳಿಜಾರುಗಳಿಂದ ಬಂದದ್ದು, ಬ್ರಿಟನ್ನಿನಲ್ಲಿ ನೀಲಿಗೂ ಕಪ್ಪಿಗೂ ನಡುವೆ ಕೆಂಪೂ ಇದೆ. ಯಾವ ಪದ್ಧತಿಯಾದರೂ ಸರಿಯೇ, ಆದರೆ ಫಲಕ ಓದದೆ ಹೋಗುವವರನ್ನು ನೆಲವೇ ತಡೆಯುವಂತಿರಬೇಕು. ಕೆಳಗಿನ ತುದಿಯಲ್ಲಿ ಎರಡು ಬಿಗಿಯಾದ ತಿರುವುಗಳು, ಆಮೇಲೆ ಸ್ವಲ್ಪ ಏರುವ ನೆಲ, ಆಮೇಲೆ ನಿಂತು ಮಾತಾಡುವಷ್ಟು ಅಗಲವಾದ ಬಯಲು, ಈ ಕ್ರಮ ತಪ್ಪಬಾರದು. ವಾಹನ ನಿಲ್ಲಿಸುವ ಜಾಗಕ್ಕೋ ಮಕ್ಕಳ ಆಟದ ಬಯಲಿಗೋ ಹಾದಿ ನೇರವಾಗಿ ಬಂದು ಬಾಯಿ ತೆರೆಯುವ ನಕ್ಷೆಯನ್ನು ಎಂಥ ಸಂದರ್ಭದಲ್ಲೂ ಒಪ್ಪಬಾರದು. ನಡಿಗೆಯ ದಾರಿಯನ್ನು ಎಲ್ಲಿಯಾದರೂ ದಾಟಲೇಬೇಕಾದರೆ ಆ ಜಾಗಕ್ಕೆ ಸವಾರರು ಏರುತ್ತ ಬರಬೇಕು, ಲಂಬಕೋನದಲ್ಲಿ ದಾಟಬೇಕು, ಇಬ್ಬರಿಗೂ ಒಬ್ಬರನ್ನೊಬ್ಬರು ದೂರದಿಂದಲೇ ಕಾಣುವಂತಿರಬೇಕು.

ಮತ್ತೆ ಮೇಲಕ್ಕೆ ಹೋಗುವ ಬಗೆ? ಇಳಿಯಲು ಪ್ರತ್ಯೇಕ ಹಾದಿ ಕೊಟ್ಟು ಏರಲು ಏನನ್ನೂ ಕೊಡದಿದ್ದರೆ ಸವಾರರು ನಡಿಗೆಯ ದಾರಿಯಲ್ಲೇ ಗುಂಪುಗುಂಪಾಗಿ ಏರುತ್ತಾರೆ, ಇಲ್ಲವೇ ಇಳಿಯುವ ಹಾದಿಯಲ್ಲೇ ಎದುರುಮುಖವಾಗಿ ಸೈಕಲ್ ತಳ್ಳಿಕೊಂಡು ಬರುತ್ತಾರೆ. ಎರಡನೆಯದು ಪ್ರಾಣಕ್ಕೇ ಅಪಾಯ. ಶೇ. 5-6ರ ಏರಿರುವ ಕಿರಿದಾದ ಏರುಹಾದಿಯೊಂದು ಯೋಜನೆಯ ಮೊದಲ ದಿನದಿಂದಲೇ ಜೊತೆಗಿರಬೇಕು, ಹಣ ಉಳಿದರೆ ಮಾಡೋಣ ಎಂಬ ಪಟ್ಟಿಗೆ ಅದು ಸೇರಬಾರದು.

ಉದ್ಯಾನವನ್ನು ಬಳಸುವ ಇತರರ ಬಳಿಗೆ ನಕ್ಷೆ ಮುಗಿದ ಮೇಲೆ ಒಪ್ಪಿಗೆಗಾಗಿ ಹೋಗುವ ರೂಢಿ ನನಗೆ ಸರಿಕಾಣುವುದಿಲ್ಲ. ಬೆಳಗಿನ ನಡಿಗೆಯ ಹಿರಿಯರಿಗೆ ಯಾವ ಬೆಂಚಿನ ಬಳಿ ಸದ್ದು ಬೇಡ ಎಂಬುದು ಗೊತ್ತು, ಹಕ್ಕಿ ನೋಡುವವರಿಗೆ ಯಾವ ಪೊದೆಯಲ್ಲಿ ಗೂಡು ಕಟ್ಟುತ್ತವೆ ಎಂಬುದು ಗೊತ್ತು, ಉದ್ಯಾನದ ಕೆಲಸಗಾರರಿಗೆ ಯಾವ ಮೂಲೆಯಲ್ಲಿ ವರ್ಷವಿಡೀ ನೆಲ ಒದ್ದೆಯಿರುತ್ತದೆ ಎಂಬುದು ಗೊತ್ತು. ರೇಖೆ ಎಳೆಯುವ ಮೊದಲೇ ಇವರೊಡನೆ ಗುಡ್ಡ ಸುತ್ತಿದರೆ ಹೋಗಬಾರದ ಜಾಗಗಳ ನಕ್ಷೆ ಮೊದಲು ಸಿದ್ಧವಾಗುತ್ತದೆ, ಉಳಿದ ಜಾಗದಲ್ಲಿ ಹಾದಿಯನ್ನು ಹುಡುಕುವುದು ಆಗ ನಿಜವಾಗಿಯೂ ಸುಲಭ. ದೊಡ್ಡ ಮರಗಳ ಬೇರನ್ನು ಕಡಿಯುವ ಮಾತೇ ಬೇಡ. ಗಾಯಗೊಂಡವರನ್ನು ಹೊರತರಲು ಸ್ಟ್ರೆಚರ್ ಬರುವ ದಾರಿಗಳೂ, ಎಲ್ಲಿ ಬಿದ್ದಿದ್ದೇವೆಂದು ಫೋನಿನಲ್ಲಿ ಹೇಳಲು ಬರುವಂತೆ ಹಾದಿಯುದ್ದಕ್ಕೂ ಸಂಖ್ಯೆ ಬರೆದ ಕಂಬಗಳೂ ಇದೇ ನಕ್ಷೆಯಲ್ಲಿರಬೇಕು.

ಸಾರ್ವಜನಿಕ ಉದ್ಯಾನದಲ್ಲಿ ಇದೆಲ್ಲ ಸಾಧ್ಯವೇ ಎಂದು ಅನುಮಾನಿಸುವವರಿಗೆ ತೋರಿಸಲು ಉದಾಹರಣೆಗಳಿವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯಲ್ಲಿ ಸುಮಾರು 120 ಎಕರೆಯ ಡಥೀ ಹಿಲ್ ಉದ್ಯಾನ 2010ರಲ್ಲಿ ಮೌಂಟನ್ ಬೈಕ್ ಉದ್ಯಾನವಾಗಿ ತೆರೆಯಿತು. ಅಲ್ಲಿನ ಹಾದಿಗಳಲ್ಲಿ ಸ್ವಯಂಸೇವಕರ ದುಡಿಮೆ ದೊಡ್ಡದು. ಕೊಲರಾಡೊದ ಬೌಲ್ಡರ್ ನಗರ 2011ರಲ್ಲಿ ವಾಲ್ಮಾಂಟ್ ಬೈಕ್ ಪಾರ್ಕ್ ತೆರೆದದ್ದು ಊರಿನೊಳಗಿನ ಜಾಗದಲ್ಲಿ, ಸುಮಾರು 40 ಎಕರೆಯಲ್ಲಿ. ಎರಡೂ ಕಡೆ ಪುಟ್ಟ ಮಕ್ಕಳಿಂದ ಪರಿಣತರವರೆಗೆ ಬೇರೆಬೇರೆ ಮಟ್ಟದವರಿಗೆ ಬೇರೆಬೇರೆ ರೇಖೆಗಳಿವೆ.

ಕಟ್ಟುವ ಕೆಲಸದಲ್ಲಿ ಸಣ್ಣ ಯಂತ್ರ ನೆರವಾಗುತ್ತದೆ, ಆದರೆ ಕೊನೆಯ ರೂಪ ಕೊಡುವುದು ಗುದ್ದಲಿ, ಸಲಿಕೆ ಮತ್ತು ದಮ್ಮಸ್ಸು. ಮೇಲಿನ ತರಗೆಲೆಯ ಪದರವನ್ನು ಪೂರ್ತಿಯಾಗಿ ತೆಗೆದು ಅಡಿಯ ಗಟ್ಟಿ ಮಣ್ಣನ್ನೇ ಬಳಸಬೇಕು. ಹಿಡಿ ಮಣ್ಣನ್ನು ಹಿಸುಕಿದಾಗ ಉಂಡೆಯಾಗಿ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಒಸರಬಾರದು; ದಮ್ಮಸ್ಸು ಹೊಡೆಯಲು ತಕ್ಕ ಹದ ಅದೇ. ಬರ್ಮ್‌ಗಳನ್ನೂ ಜಂಪ್‌ಗಳನ್ನೂ ಒಂದೇ ಸಲ ರಾಶಿ ಹಾಕದೆ ಪದರ ಪದರವಾಗಿ ಬಡಿದು ಕಟ್ಟಬೇಕು. ಕಟ್ಟಿದ ಮೇಲೂ ಕೆಲಸ ಮುಗಿಯುವುದಿಲ್ಲ: ಜಂಪ್‌ನ ತುದಿ ಸವೆಯುತ್ತದೆ, ನೀರಿನ ಬಾಯಿ ಹೂಳು ತುಂಬಿ ಮುಚ್ಚುತ್ತದೆ, ಬ್ರೇಕಿನ ದಿಬ್ಬಗಳು ಏಳುತ್ತವೆ, ಮಳೆಯ ಮರುದಿನ ಹಾದಿಯನ್ನು ಮುಚ್ಚಿಡಲು ಯಾರಾದರೂ ಅಲ್ಲಿರಬೇಕಾಗುತ್ತದೆ. ಈ ಹೊಣೆ ಯಾವ ಗುಂಪಿನದು, ವಾರದ ಯಾವ ದಿನ ಯಾರು ಹಾದಿಯನ್ನು ನಡೆದು ಪರೀಕ್ಷಿಸುತ್ತಾರೆ ಎಂಬುದನ್ನು ಬರೆದು ಕೊಡಲಾಗದ ಯೋಜನೆಗೆ ನಾನು ಸಹಿ ಹಾಕುವುದಿಲ್ಲ. ಕೈಗಳು ಕಡಿಮೆಯಿದ್ದರೆ ಹಾದಿಯನ್ನೇ ಚಿಕ್ಕದು ಮಾಡಬೇಕು.

ಆ ಕಾರಣಕ್ಕಾಗಿಯೇ ಗುಡ್ಡದ ಕೆಳಗಿನ ಮೂರನೆಯ ಒಂದು ಭಾಗವನ್ನೂ ಏರುಹಾದಿಯನ್ನೂ ಮೊದಲ ಹಂತದಲ್ಲಿ ಕಟ್ಟಬೇಕೆಂದು ನಾನು ವಾದಿಸುತ್ತಿದ್ದೇನೆ. ಮೇಲಿನಿಂದ ಆರಂಭಿಸಿ ಕೆಳಗೆ ಬರುವುದೇ ಹಲವರಿಗೆ ಸಹಜವೆನಿಸುತ್ತದೆ. ಆದರೆ ವೇಗ ಕರಗಬೇಕಾದ ಜಾಗ ಕೆಳಗಿದೆ, ಜನ ಇರುವುದೂ ಕೆಳಗೆ. ಕೊನೆಯ ತಿರುವುಗಳು, ನಿಲ್ಲುವ ಬಯಲು, ನಡಿಗೆಯವರ ದಾರಿ ದಾಟುವ ಜಾಗ, ಇವು ಒಂದು ಪೂರ್ತಿ ಮಳೆಗಾಲವನ್ನೂ ರಜಾದಿನಗಳ ಜನಸಂದಣಿಯನ್ನೂ ತಡೆದುಕೊಂಡು ಸರಿಯಾಗಿ ಕೆಲಸ ಮಾಡುವುದನ್ನು ಕಂಡ ಮೇಲೆ ಹಾದಿಯನ್ನು ಮೇಲ್ಮುಖವಾಗಿ ಬೆಳೆಸಬಹುದು. ಆಗ ಮೇಲೆ ಸೇರಿಸುವ ಪ್ರತಿಯೊಂದು ಮೀಟರ್ ಎತ್ತರದ ವೇಗವೂ ಎಲ್ಲಿ ಕೊನೆಗೊಳ್ಳುತ್ತದೆ ಎಂಬುದು ಸವಾರರಿಗೂ ನಡೆಯುವವರಿಗೂ ಮೊದಲೇ ಗೊತ್ತಿರುತ್ತದೆ.